10 ಎಕರೆ ಕುಸಿತ 84 ಎಕರೆ ಆಗಿದ್ದು

ಮೈಸೂರಿನ ಆಫೀಸಿನಲ್ಲಿ ಕೂತು ಸೈಬೀರಿಯಾದ ಯಮಾಲ್‌ನಲ್ಲಿ ನೆಲ ಎಲ್ಲೆಲ್ಲಿ ಜರಿದಿದೆ ಅಂತ ಗುರುತು ಮಾಡುವುದು ನನ್ನ ಕೆಲಸ. ಕನಿಷ್ಠ 2 ವರ್ಷ ಸತತವಾಗಿ ಸೊನ್ನೆ ಡಿಗ್ರಿ ದಾಟದ ನೆಲವನ್ನು ಪರ್ಮಾಫ್ರಾಸ್ಟ್ ಅಂತಾರೆ. ಅದರೊಳಗಿನ ಮಂಜುಗಡ್ಡೆ ಕರಗಿದರೆ ದಿಬ್ಬ ಜರಿದು ಕೆಸರು ಕೆಳಕ್ಕೆ ಹರಿಯುತ್ತದೆ. ಮೇಲೆ ಲಾಳದ ಆಕಾರದ ಕಡಿದಾದ ಗೋಡೆ ಉಳಿಯುತ್ತದೆ. ಬೇಸಿಗೆ ಬಂದಾಗಲೆಲ್ಲ ಅದು ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಉಪಗ್ರಹ ಚಿತ್ರದಲ್ಲಿ ಆ ಅಂಚು ಹಿಡಿದೇ ನಾವು ಪಾಲಿಗಾನ್, ಅಂದರೆ ಸುತ್ತುಗೆರೆ, ಎಳೆಯುವುದು.

ಮೊದಲ ವಾರ ಒಂದು ಕುಸಿತ 34 ಹೆಕ್ಟೇರ್ ಅಂತ ಬಂತು. ನಾನು ಮಂಡ್ಯದ ಕಡೆಯವಳು, ಎಕರೆಗೆ ತಿರುಗಿಸದೆ ನನಗೆ ಯಾವ ಜಾಗವೂ ಕಣ್ಣಿಗೆ ಕಟ್ಟಲ್ಲ. 84 ಎಕರೆ! ಅಷ್ಟು ಕಬ್ಬಿನ ಗದ್ದೆ ಅಂದರೆ ಎಷ್ಟು ದೊಡ್ಡದು, ಅಲ್ವಾ? ಚಿತ್ರದಲ್ಲಿ ನೋಡಿದರೆ ಅಷ್ಟಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕದ ಬದಿ ಅಂದರೆ ನೆಲದ ಮೇಲೆ 10 ಮೀಟರ್. ಬೆರಳಿಟ್ಟು ಎಣಿಸಿದೆ. ಆ ಕಡೆ 20, ಈ ಕಡೆ 20. ಅಂದರೆ 4 ಹೆಕ್ಟೇರ್, ಹೆಚ್ಚುಕಮ್ಮಿ 10 ಎಕರೆ.

ಪಕ್ಕದ ಟೇಬಲ್‌ನ ಸೀನಿಯರ್ ಬಂದು ನೋಡಿ, "ಲೇಯರ್ ಯಾವ ಪ್ರೊಜೆಕ್ಷನ್‌ನಲ್ಲಿದೆ ನೋಡಮ್ಮ" ಅಂದರು.

ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನವೇ ಪ್ರೊಜೆಕ್ಷನ್. ನಾನು ಪಾಲಿಗಾನ್ ಎಳೆದಿದ್ದ ಲೇಯರ್ ಇದ್ದದ್ದು ವೆಬ್ ಮರ್ಕೇಟರ್ ಅನ್ನುವುದರಲ್ಲಿ. ಮೊದಲು ಮಂಡ್ಯದ ಕೆರೆಗಳನ್ನು ಗುರುತಿಸುವಾಗಲೂ ಅದರಲ್ಲೇ ಅಳೆಯುತ್ತಿದ್ದೆ. ಮಂಡ್ಯದಲ್ಲಿ ಅದು ವಿಸ್ತೀರ್ಣವನ್ನು ಶೇಕಡಾ 5ರಷ್ಟು ಮಾತ್ರ ಜಾಸ್ತಿ ತೋರಿಸುತ್ತದೆ, ಗೊತ್ತೇ ಆಗಲ್ಲ. 60 ಡಿಗ್ರಿ ಅಕ್ಷಾಂಶದಲ್ಲಿ 4 ಪಟ್ಟು, ಯಮಾಲ್ ಇರುವ 70ರ ಆಸುಪಾಸಿನಲ್ಲಿ ಎಂಟೂವರೆ ಪಟ್ಟು. ನಾವು ನಕ್ಷೆಗೆ ಬಳಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ 'ಡಾಲರ್ ಏರಿಯಾ' ಹಾಕಿದ್ದರೆ ಪ್ರಾಜೆಕ್ಟ್‌ನ ಎಲಿಪ್ಸಾಯ್ಡ್, ಅಂದರೆ ಭೂಮಿಯ ಗುಂಡಗಿನ ಆಕಾರ, ಹಿಡಿದು ಸರಿಯಾಗೇ ಅಳೆಯುತ್ತಿತ್ತು. ನಾನು ಬಳಸಿದ್ದು ಬರೀ 'ಏರಿಯಾ' ಫಂಕ್ಷನ್. ಅದು ಲೇಯರ್‌ನ ಪ್ರೊಜೆಕ್ಷನ್‌ನಲ್ಲೇ ಚಪ್ಪಟೆಯಾಗಿ ಅಳೆಯುತ್ತದೆ.

ನನಗೆ ನಿಜಕ್ಕೂ ಭಯವಾಗಿದ್ದು ಇನ್ನೊಂದಕ್ಕೆ. ಒಂದೇ ಕುಸಿತ ವರ್ಷದಿಂದ ವರ್ಷಕ್ಕೆ ಶೇಕಡಾ ಎಷ್ಟು ಬೆಳೆಯಿತು ಅನ್ನುವ ಲೆಕ್ಕ ಇದರಲ್ಲಿ ಕೆಡುವುದಿಲ್ಲ, ಎರಡು ವರ್ಷವೂ ಅಷ್ಟೇ ಪಟ್ಟು ಹಿಗ್ಗಿರುತ್ತದೆ. ಹಾಗಾಗಿ ಆ ಪಟ್ಟಿ ನೋಡಿದವರಿಗೆ ಅನುಮಾನವೇ ಬರಲ್ಲ. ಆದರೆ ದಕ್ಷಿಣದ ಕುಸಿತದ ಪಕ್ಕ ಉತ್ತರದ್ದನ್ನು ಇಟ್ಟರೆ, ಉತ್ತರದ್ದು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಎಷ್ಟು ಮಣ್ಣು ಜರಿಯಿತು, ಅದರಲ್ಲಿ ಹೂತಿದ್ದ ಇಂಗಾಲ ಎಷ್ಟು ಹೊರಬಿತ್ತು ಅನ್ನುವ ಲೆಕ್ಕವೆಲ್ಲ ಈ ವಿಸ್ತೀರ್ಣದ ಮೇಲೇ ನಿಂತಿದೆ.

ಆ ವಾರದ ಎಲ್ಲ ಪಾಲಿಗಾನ್‌ಗಳನ್ನೂ 6931 ಅನ್ನುವ ಕೋಡ್ ಇರುವುದಕ್ಕೆ, ಅಂದರೆ ಧ್ರುವದ ಸುತ್ತ ವಿಸ್ತೀರ್ಣ ಕೆಡಿಸದ ಪ್ರೊಜೆಕ್ಷನ್‌ಗೆ ತಿರುಗಿಸಿ ಮತ್ತೆ ಅಳೆದೆ. ಈಗ ಪಟ್ಟಿಯಲ್ಲಿ ಎಕರೆಗೂ ಒಂದು ಕಾಲಂ ಇಟ್ಟಿದ್ದೇನೆ. ಫೈಲ್ ಕಳಿಸುವ ಮುಂಚೆ ಒಂದೆರಡು ಕುಸಿತವನ್ನಾದರೂ ಚೌಕ ಎಣಿಸಿ ನೋಡುತ್ತೇನೆ.