ಮುಂದಿನ ತಪಾಸಣೆಗೆ ಇನ್ನು ಹನ್ನೊಂದು ದಿನ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಕರೆಂಟ್ ಬಿಲ್ಲಿನ ಕಡೆಯ ದಿನಾಂಕ ಎಲ್ಲವನ್ನೂ ನೀಲಿ ಪೆನ್ನಿನಲ್ಲಿ ಬರೆಯುವ ನಾನು ಒಂದು ದಿನಾಂಕವನ್ನು ಮಾತ್ರ ಪೆನ್ಸಿಲಿನಲ್ಲಿ, ಅದೂ ಕಂಡೂ ಕಾಣದಂತೆ ಸುತ್ತಿಡುತ್ತೇನೆ. ಯಾಕೆಂದು ಮಗಳು ಒಮ್ಮೆ ಕೇಳಿದ್ದಳು, ನನಗೆ ಉತ್ತರ ಹೊಳೆದಿರಲಿಲ್ಲ. ಬೇಕೆನಿಸಿದರೆ ಅಳಿಸಿಬಿಡಬಹುದು ಎಂಬ ಆಸೆ ಒಳಗೆಲ್ಲೋ ಇದ್ದಿರಬೇಕು. ಆ ದಿನಕ್ಕೆ ಇನ್ನು ಹನ್ನೊಂದು ದಿನ ಉಳಿದಿದೆ, ಮತ್ತು ಪ್ರತಿ ಸಲದಂತೆ ಈ ಸಲವೂ, ಎಣಿಸಿಟ್ಟ ಹಾಗೆ, ನಿನ್ನೆಯಿಂದ ನನ್ನ ಸೊಂಟ ನೋಯತೊಡಗಿದೆ.

2019ರ ನವೆಂಬರಿನಲ್ಲಿ ನನ್ನ ಎಡ ಸ್ತನದಲ್ಲಿದ್ದ ಕ್ಯಾನ್ಸರ್ ಗಂಟನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಆಗ ನನಗೆ ನಲವತ್ತನಾಲ್ಕು ವರ್ಷ. ಕೀಮೋ ಮುಗಿಯುವ ಮೊದಲೇ ಲಾಕ್‌ಡೌನ್ ಬಂತು, ಕಡೆಯ ಎರಡು ಸುತ್ತುಗಳಿಗೆ ಹಾಸನದಿಂದ ಬೆಂಗಳೂರಿಗೆ ಪಾಸ್ ಅಂಟಿಸಿದ ಕಾರಿನಲ್ಲಿ ಖಾಲಿ ಹೆದ್ದಾರಿಯ ಮೇಲೆ ಹೋಗಿ ಬಂದೆವು. ಅದನ್ನೆಲ್ಲ ನೆನೆದರೆ ಈಗ ಆಶ್ಚರ್ಯವಾಗುವುದು ಒಂದು ವಿಷಯಕ್ಕೆ: ಆ ಏಳೆಂಟು ತಿಂಗಳು ನಾನು ಅಷ್ಟಾಗಿ ಹೆದರಿರಲಿಲ್ಲ. ಮುಂದಿನ ಸುತ್ತು ಯಾವಾಗ, ರಕ್ತದ ಬಿಳಿಕಣ ಎಷ್ಟಿದೆ, ಬಾಯಿಹುಣ್ಣಿಗೆ ಏನು ತಿನ್ನಬೇಕು ಎಂಬ ಕೆಲಸಗಳೇ ತಲೆತುಂಬ ಇದ್ದವು. ರೇಡಿಯೇಶನ್ನಿನ ಕೊನೆಯ ದಿನ ಅಲ್ಲಿನ ಹುಡುಗಿ ಚಪ್ಪಾಳೆ ತಟ್ಟಿ ‘ಮುಗೀತಲ್ಲ ಮೇಡಂ’ ಎಂದಾಗ ನಗುತ್ತಲೇ ಹೊರಗೆ ಬಂದವಳಿಗೆ, ಕಾರಿನಲ್ಲಿ ಕುಳಿತೊಡನೆ ಕೈಕಾಲು ತಣ್ಣಗಾಯಿತು. ನಾಳೆಯಿಂದ ಕಾಯಿಲೆ ಮರುಕಳಿಸುವುದನ್ನು ತಡೆಯಲು ಯಾರೂ ಏನೂ ಮಾಡುತ್ತಿರುವುದಿಲ್ಲವಲ್ಲ ಎನಿಸಿತು. ಹಾರ್ಮೋನನ್ನು ತಡೆಯುವ ಟಾಮಾಕ್ಸಿಫೆನ್ ಎಂಬ ಮಾತ್ರೆ ದಿನಕ್ಕೊಂದೇನೋ ಇತ್ತು, ಆದರೆ ಅಷ್ಟು ದೊಡ್ಡ ಯಂತ್ರಗಳ ನಂತರ ಅಷ್ಟು ಚಿಕ್ಕ ಮಾತ್ರೆಯ ಮೇಲೆ ನಂಬಿಕೆ ಕೂರುವುದು ಸುಲಭವಾಗಿರಲಿಲ್ಲ.

ಇದು ನನ್ನೊಬ್ಬಳ ವಿಚಿತ್ರವೆಂದೇ ಬಹಳ ದಿನ ತಿಳಿದಿದ್ದೆ. ಅಮೆರಿಕದ ಫಿಟ್ಜ್‌ಹ್ಯೂ ಮಲ್ಲನ್ ಎಂಬ ವೈದ್ಯರು, ತಾವೇ ಕ್ಯಾನ್ಸರಿಗೆ ಒಳಗಾಗಿ ಬದುಕಿದವರು, 1985ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದರೆಂದು ಆಮೇಲೆ ತಿಳಿಯಿತು. ನೀರಿನಲ್ಲಿ ಮುಳುಗುತ್ತಿರುವವರನ್ನು ಮೇಲೆತ್ತುವ ವಿದ್ಯೆಯನ್ನು ಚೆನ್ನಾಗಿ ಕಲಿತಿರುವ ನಾವು, ಎತ್ತಿದ ಮೇಲೆ ಅವರನ್ನು ದಡದಲ್ಲಿ ಕೆಮ್ಮುತ್ತ ಬಿದ್ದಿರಲು ಬಿಟ್ಟು ಹೋಗುತ್ತೇವೆ ಎಂಬುದು ಅವರ ಮಾತಿನ ತಾತ್ಪರ್ಯ. ಅದನ್ನು ಓದಿದ ದಿನ, ದಡದಲ್ಲಿ ನಾನೊಬ್ಬಳೇ ಇಲ್ಲವೆಂದು ತಿಳಿದು ಸ್ವಲ್ಪ ಉಸಿರಾಡಿದೆ.

ನಮ್ಮ ಕಡೆಯ ಜನರಿಗೆ ಕ್ಯಾನ್ಸರ್ ಎಂಬ ಪದವನ್ನು ಹೇಳಲು ಬಾಯಿ ಬರುವುದಿಲ್ಲ, ‘ಆ ಕಾಯಿಲೆ’ ಎನ್ನುತ್ತಾರೆ. ಅರ್ಬುದ ಎಂಬುದು ಪತ್ರಿಕೆಯ ಭಾಷೆಯಾಯಿತು. ಕನ್ನಡ ಮೇಷ್ಟರ ಮಗಳಾದ ನನಗೆ ಇಷ್ಟವಾಗುವುದು ಏಡಿಗಂತಿ ಎಂಬ ಹಳೆಯ ಪದ. ಸಕಲೇಶಪುರದ ಕಡೆ ನಮ್ಮ ಅಜ್ಜನ ಗದ್ದೆಯ ಬದುವಿನ ತುಂಬ ಏಡಿಯ ಬಿಲಗಳಿದ್ದವು. ಕಡ್ಡಿ ತುರುಕಿ ನೋಡಿದರೂ ಒಳಗೆ ಏಡಿ ಇದೆಯೋ ಇಲ್ಲವೋ ಹೇಳುವಂತಿರಲಿಲ್ಲ, ಇಡೀ ಬದುವನ್ನು ಅಗೆದರೆ ಗದ್ದೆಯ ನೀರೇ ಹರಿದುಹೋಗುತ್ತಿತ್ತು. ಅಜ್ಜ ಬೆಳಗ್ಗೆ ಒಂದು ಸಲ ಬದುವಿನ ಮೇಲೆ ನಡೆದು ನೋಡಿ, ನೀರು ಸೋರುತ್ತಿದ್ದರೆ ಮಣ್ಣು ಮೆತ್ತಿ, ಇಲ್ಲದಿದ್ದರೆ ಬೇರೆ ಕೆಲಸಕ್ಕೆ ಹೋಗುತ್ತಿದ್ದರು.

ನಾನು ಮಾತ್ರ ಬದು ಅಗೆಯಲು ಹೋದೆ. 2022ರಲ್ಲಿ, ಪರಿಚಯದ ಒಬ್ಬರಿಗೆ ಕಾಯಿಲೆ ಮೂಳೆಯಲ್ಲಿ ಮರುಕಳಿಸಿತೆಂದು ಕೇಳಿದ ವಾರವೇ, ನಮ್ಮ ವೈದ್ಯರನ್ನು ಕೇಳದೆ, ಒಂದು ಖಾಸಗಿ ಸ್ಕ್ಯಾನ್ ಕೇಂದ್ರದಲ್ಲಿ ಇಡೀ ದೇಹದ ಪೆಟ್ ಸ್ಕ್ಯಾನ್ ಮಾಡಿಸಿಕೊಂಡೆ. ರಿಪೋರ್ಟು ರಾತ್ರಿ ಹತ್ತು ಗಂಟೆಗೆ ಮೊಬೈಲಿಗೆ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಆರು ಮಿಲಿಮೀಟರಿನ ಚುಕ್ಕೆ, ‘ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್’, ಅಂದರೆ ವೈದ್ಯರು ರೋಗಿಯನ್ನು ನೋಡಿ ತಾಳೆಹಾಕಬೇಕು, ಎಂದು ಅದರಲ್ಲಿತ್ತು. ಆ ಮೂರು ಪದಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ವೈದ್ಯರ ಭೇಟಿ ಸಿಗುವವರೆಗಿನ ಹತ್ತೊಂಬತ್ತು ದಿನಗಳಲ್ಲಿ ನಾನು ಮನಸ್ಸಿನಲ್ಲೇ ಬ್ಯಾಂಕಿನ ನಾಮಿನಿಗಳನ್ನು ಸರಿಪಡಿಸಿ, ಮಗಳ ಮದುವೆಗೆ ಯಾರು ನಿಂತು ಮಾಡಬೇಕೆಂಬುದನ್ನೂ ನಿರ್ಧರಿಸಿ ಮುಗಿಸಿದ್ದೆ. ಅವರು 2019ರ ಹಳೆಯ ಫಿಲಂ ತೆಗೆಸಿ ಪಕ್ಕಪಕ್ಕದಲ್ಲಿ ಹಿಡಿದರು. ಅದೇ ಜಾಗ, ಅದೇ ಅಳತೆ, ಅದೇ ಚುಕ್ಕೆ. ಯಾವಾಗಲೋ ಬಂದು ಹೋದ ಸೋಂಕಿನ ಕಲೆ, ನಮ್ಮ ದೇಶದಲ್ಲಿ ಎಷ್ಟೋ ಜನರ ಎದೆಯಲ್ಲಿ ಇರುತ್ತದೆ ಎಂದರು.

ಅವರು ಗದರಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ, ಯಾವ ಲಕ್ಷಣವೂ ಇಲ್ಲದ ಮಹಿಳೆಗೆ ವೈದ್ಯರು ಕೈಯಿಂದ ಮಾಡುವ ಪರೀಕ್ಷೆ ಮತ್ತು ವರ್ಷಕ್ಕೊಂದು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಸಾಕೆಂಬ ಸಲಹೆಯ ಹಿಂದೆ ಆಧಾರವಿದೆ. ಇಟಲಿಯಲ್ಲಿ ನಡೆದು 1994ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಒಂದೊಂದರಲ್ಲೂ ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಮೇಲಿಂದ ಮೇಲೆ ಎದೆಯ ಎಕ್ಸ್‌ರೇ, ಮೂಳೆಯ ಸ್ಕ್ಯಾನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಿದ್ದು ಅಲ್ಲಿ ಕಂಡುಬರಲಿಲ್ಲ. ಅಂದಿಗಿಂತ ಯಂತ್ರಗಳು ಬಹಳ ಸುಧಾರಿಸಿದ್ದರೂ ಸಲಹೆ ಇಂದಿಗೂ ಹಾಗೆಯೇ ಉಳಿದಿದೆ. ನಾನು ಹಣ ಕೊಟ್ಟು ತಂದದ್ದು ನಿಶ್ಚಿಂತೆಯನ್ನಲ್ಲವೆಂದು ಅಂದು ಮನದಟ್ಟಾಯಿತು. ಆ ಸ್ಕ್ಯಾನು ಪೂರ್ತಿ ನಿರ್ಮಲವಾಗಿ ಬಂದಿದ್ದರೂ ಸಮಾಧಾನ ಒಂದು ತಿಂಗಳು ಬಾಳುತ್ತಿತ್ತೇನೋ, ಮತ್ತೆ ಎಲ್ಲೋ ಒಂದು ನೋವು ಬರುತ್ತಿತ್ತು, ಮತ್ತೆ ಇನ್ನೊಂದು ಸ್ಕ್ಯಾನ್ ಬೇಕಾಗುತ್ತಿತ್ತು.

ಅವರೇ ಒಬ್ಬ ಆಪ್ತಸಮಾಲೋಚಕಿಯ ಬಳಿಗೆ ಕಳುಹಿಸಿದರು. ನಾನು ಭಯ ಹೋಗಲಾಡಿಸುವ ಉಪಾಯ ಕೇಳಿದೆ, ಅವರು ಅದರ ಗೊಡವೆಗೇ ಹೋಗಲಿಲ್ಲ. ಯೋಚನೆ ಬರುವುದನ್ನು ತಡೆಯಲಾಗದು, ಬಂದ ಯೋಚನೆಯ ಜೊತೆ ಎಷ್ಟು ಹೊತ್ತು ಕೂರಬೇಕೆಂಬುದು ಮಾತ್ರ ನಿಮ್ಮ ಕೈಯಲ್ಲಿದೆ ಎಂದರು. ಆಸ್ಟ್ರೇಲಿಯಾದಲ್ಲಿ ಇದೇ ಭಯಕ್ಕೆಂದು ರೂಪಿಸಿದ ಒಂದು ಸಮಾಲೋಚನಾ ಕ್ರಮದ ಫಲಿತಾಂಶ 2017ರಲ್ಲಿ ಪ್ರಕಟವಾಗಿದೆಯಂತೆ, ಅದರ ಹಿಂದಿರುವ ವಿಚಾರವೂ ಹೆಚ್ಚುಕಡಿಮೆ ಇದೇ. ನನಗೆ ಅವರು ಕೊಟ್ಟ ಕೆಲಸ ಕೇಳಲು ಬಾಲಿಶವಾಗಿತ್ತು: ದಿನಕ್ಕೆ ಇಪ್ಪತ್ತು ನಿಮಿಷ ಚಿಂತೆಗೆಂದೇ ಮೀಸಲಿಡಬೇಕು, ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಆ ಹೊತ್ತಿಗೆ ಮುಂದೂಡಬೇಕು.

ಸಂಜೆ ಆರು ಗಂಟೆಗೆ, ದೀಪ ಹಚ್ಚಿದ ಮೇಲೆ, ಹಿತ್ತಲ ಜಗಲಿಯಲ್ಲಿ ಕೂರುತ್ತೇನೆ. ಇನ್ನೂರು ಪುಟದ ಉದ್ದ ನೋಟುಬುಕ್ಕಿನಲ್ಲಿ ಎರಡು ಕಾಲಂ ಇದೆ. ಎಡಗಡೆ ದೇಹದ್ದು: ಯಾವ ನೋವು, ಯಾವ ದಿನ ಶುರುವಾಯಿತು, ಹೆಚ್ಚುತ್ತಿದೆಯೇ. ಹೊಸ ನೋವು ಎರಡು ವಾರ ಬಿಡದಿದ್ದರೆ ಅಥವಾ ಬಲಿಯುತ್ತಿದ್ದರೆ ಆಸ್ಪತ್ರೆಗೆ ಫೋನ್ ಮಾಡುವುದು, ಗಂಟು ಕೈಗೆ ಸಿಕ್ಕಿದರೆ, ಉಸಿರು ಕಟ್ಟಿದರೆ ಅಥವಾ ಅಕಾಲದಲ್ಲಿ ರಕ್ತಸ್ರಾವವಾದರೆ ಅಂದೇ ಮಾಡುವುದು. ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ತುಸು ಹೆಚ್ಚಿರುವುದರಿಂದ ರಕ್ತಸ್ರಾವದ ಮಾತು ಆ ಪಟ್ಟಿಗೆ ಸೇರಿದೆ. ಭಯಕ್ಕೆ ಕೊಟ್ಟ ಮಾತ್ರೆಗೂ ಅದರದೇ ಒಂದು ಭಯ! ಬಲಗಡೆಯ ಕಾಲಂ ಬರಿಯ ಯೋಚನೆಗಳದ್ದು. ಅಲ್ಲಿ ಬರೆದದ್ದಕ್ಕೆ ಯಾರಿಗೂ ಫೋನ್ ಮಾಡುವಂತಿಲ್ಲ, ಗೂಗಲ್ ಮಾಡುವಂತೆಯೂ ಇಲ್ಲ. ಎಷ್ಟೋ ಸಂಜೆ ಆರು ಗಂಟೆಯಾದಾಗ ಬೆಳಗಿನ ಸಾಲು ನನಗೇ ಪೇಲವವಾಗಿ ಕಾಣುತ್ತದೆ. ಇಪ್ಪತ್ತು ನಿಮಿಷಕ್ಕೆ ಮುಗಿಯದ ಸಂಜೆಗಳೂ ಇವೆ, ಸುಳ್ಳೇಕೆ ಹೇಳಲಿ.

ನೋವುಗಳ ಕಾಲಂ ಒಂದು ಉಪಕಾರ ಮಾಡಿತು. ಹಿಂದಿನ ಪುಟಗಳನ್ನು ತಿರುವಿದರೆ ಸೊಂಟನೋವು ಐದು ಸಲ ಬಂದಿದೆ; ಅದರಲ್ಲಿ ಮೂರು ಸಲ ತಪಾಸಣೆಯ ಹಿಂದಿನ ಪಕ್ಷದಲ್ಲಿ, ಎರಡು ಸಲ ಯುಗಾದಿಗೆ ಮತ್ತು ಗೌರಿಹಬ್ಬಕ್ಕೆ ಹೋಳಿಗೆಯ ಕಣಕ ನಾದಿದ ಮರುದಿನ.

ಹೊರಗಿನವರ ಧೈರ್ಯದ ಮಾತುಗಳ ಬಗ್ಗೆ ನನಗೆ ಸಹನೆ ಕಡಿಮೆ. ‘ಪಾಸಿಟಿವ್ ಆಗಿರಿ, ನೆಗೆಟಿವ್ ಯೋಚನೆಯಿಂದಲೇ ಅದು ವಾಪಸ್ ಬರೋದು’ ಎಂದು ಒಬ್ಬರು ಮದುವೆಮನೆಯ ಊಟದ ಪಂಕ್ತಿಯಲ್ಲಿ ಹೇಳಿದ್ದರು. ಹೆದರಿಕೆಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವ ಮಾತು ಇದು. ನಿಮ್ಮ ಭಯಕ್ಕೆ ಗಂಟು ಬೆಳೆಸುವ ಶಕ್ತಿಯಿಲ್ಲ ಎಂದು ನಮ್ಮ ವೈದ್ಯರು ಸ್ಪಷ್ಟವಾಗಿ ಹೇಳುವವರೆಗೆ ನಾನು ಹೆದರುವುದಕ್ಕೂ ಹೆದರುತ್ತಿದ್ದೆ. ‘ಐದು ವರ್ಷ ಆಯ್ತಲ್ಲ, ಇನ್ನೇನು ಭಯ’ ಎನ್ನುವವರಿಗೂ ಉತ್ತರಿಸುವುದು ಕಷ್ಟ. ಹಾರ್ಮೋನಿಗೆ ಸ್ಪಂದಿಸುವ ನನ್ನಂಥ ಕ್ಯಾನ್ಸರ್ ಐದು ವರ್ಷದ ನಂತರವೂ ಮರುಕಳಿಸಬಹುದು. ಮಾತ್ರೆಯನ್ನು ಐದಕ್ಕೆ ನಿಲ್ಲಿಸದೆ ಹತ್ತು ವರ್ಷ ಮುಂದುವರಿಸಿದರೆ ಆ ಸಾಧ್ಯತೆ ಇನ್ನಷ್ಟು ತಗ್ಗುತ್ತದೆಂದು 2013ರಲ್ಲಿ ಪ್ರಕಟವಾದ ಅಟ್ಲಾಸ್ ಎಂಬ ದೊಡ್ಡ ಅಧ್ಯಯನ ತೋರಿಸಿದ್ದರಿಂದಲೇ ನನ್ನ ಮಾತ್ರೆ ಮುಂದುವರಿದಿದೆ. ಆರು ತಿಂಗಳಿಗೊಮ್ಮೆ ಇದ್ದ ತಪಾಸಣೆಯನ್ನು ವರ್ಷಕ್ಕೊಮ್ಮೆ ಮಾಡಿದಾಗ ಎಲ್ಲರೂ ಸಂತೋಷಪಟ್ಟರು, ನಾನೊಬ್ಬಳು ಯಾರೋ ಕೈಬಿಟ್ಟಂತೆ ಎರಡು ದಿನ ಸಪ್ಪಗಿದ್ದೆ.

ಯಜಮಾನರು ಈ ವಿಷಯ ಎತ್ತುವುದೇ ಇಲ್ಲ. ಅವರಿಗೆ ಮರೆತುಹೋಗಿದೆ ಎಂದು ಬಹಳ ಕಾಲ ಒಳಗೊಳಗೇ ಬೇಸರಪಟ್ಟಿದ್ದೆ. ಕಳೆದ ಮಳೆಗಾಲದಲ್ಲಿ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರೆ, ಹಿಂಬದಿಯ ಬೆಳ್ಳಿಹಾಳೆಯ ಮೇಲೆ ಹತ್ತು ಮಾತ್ರೆಗೂ ಚಿಕ್ಕ ಅಕ್ಷರದಲ್ಲಿ ಹತ್ತು ದಿನಾಂಕಗಳು, ಅವರ ಕೈಬರಹ. ನಾನು ಒಂದು ದಿನವೂ ತಪ್ಪಿಸಿಲ್ಲವೆಂದು ಪ್ರತಿ ರಾತ್ರಿ ನೋಡಿ ಮಲಗುತ್ತಿದ್ದರಂತೆ, ವರ್ಷಗಳಿಂದ. ಈಗ ಸಂಜೆಯ ಇಪ್ಪತ್ತು ನಿಮಿಷದಲ್ಲಿ ಕಡೆಯ ಐದು ಅವರಿಗೆ ಕೊಟ್ಟಿದ್ದೇನೆ. ಹೆಚ್ಚಾಗಿ ಸುಮ್ಮನೆ ಕೂರುತ್ತಾರೆ, ಒಮ್ಮೊಮ್ಮೆ ನನಗೇ ಹೊಳೆಯದಿದ್ದ ಭಯವೊಂದನ್ನು ಹೇಳಿ ಏಳುತ್ತಾರೆ.

ಈ ಸಲ ಮ್ಯಾಮೊಗ್ರಾಂ ಸೋಮವಾರ, ವೈದ್ಯರ ಭೇಟಿ ಬುಧವಾರ. ರಿಪೋರ್ಟು ಮೊದಲೇ ಮೊಬೈಲಿಗೆ ಬಂದರೂ ಬುಧವಾರದವರೆಗೆ ತೆರೆಯಬಾರದೆಂದು ಮಾತಾಗಿದೆ, ಮೊಬೈಲು ಯಜಮಾನರ ಜೇಬಿನಲ್ಲಿರುತ್ತದೆ. ನಡುವಿನ ಎರಡು ರಾತ್ರಿ ಜಯನಗರದಲ್ಲಿ ತಂಗಿಯ ಮನೆಯಲ್ಲಿ ಇರುತ್ತೇವೆ. ದೊಡ್ಡಮ್ಮನ ಕೈಯಿಂದ ಹೋಳಿಗೆ ಕಲಿಯಬೇಕೆಂದು ತಂಗಿಯ ಮಗಳು ಈಗಾಗಲೇ ಬೇಳೆ ತರಿಸಿಟ್ಟಿದ್ದಾಳಂತೆ. ಹೂರಣ, ಬೇಯಿಸುವುದು, ತಟ್ಟುವುದು ಎಲ್ಲ ಹೇಳಿಕೊಡುತ್ತೇನೆ, ಕಣಕ ಮಾತ್ರ ನೀನೇ ನಾದಬೇಕು ಎಂದು ಫೋನಿನಲ್ಲಿ ಹೇಳಿದ್ದೇನೆ.