ದೇವರ ಚಿತ್ತಕ್ಕೆ ಬಿಟ್ಟ ಮೇಲೆ ಹಾಜರಿ ಪುಸ್ತಕ ಯಾಕೆ?

ದೊಡ್ಡವರಿಗೆ ಅಕ್ಷರ ಕಲಿಸುವ ಮಿಷನರಿಗಳಿಗೆ ಎರಡು ದಿಕ್ಕಿನಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. ಕ್ರೈಸ್ತ ಸಭೆಯ ಹಿರಿಯರು ಕೇಳುವುದು: "ಎಲ್ಲಾ ದೇವರ ಚಿತ್ತ ಅಂತ ನಂಬಿದ ಮೇಲೆ ಈ ವೇಳಾಪಟ್ಟಿ, ಹಾಜರಿ, ಪರೀಕ್ಷೆ ಯಾಕೆ?" ಸಭೆಯ ಹೊರಗಿನವರು ಕೇಳುವುದು: "ಇಷ್ಟೆಲ್ಲ ಲೆಕ್ಕ ಇಡೋರು ಮತ್ತೆ ದೇವರ ಮೇಲೆ ಭಾರ ಹಾಕೋದು ಯಾಕೆ?" ರಾಯಚೂರು, ಯಾದಗಿರಿ ಕಡೆಯ ರಾತ್ರಿ ಶಾಲೆಗಳನ್ನು ಮುಂದಿಟ್ಟುಕೊಂಡು ಇಬ್ಬರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇವೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಅಲ್ಲಿ ಈ ಪ್ರಶ್ನೆ ಬರೀ ತರ್ಕದ್ದಲ್ಲ.

ದೇವರ ಯೋಜನೆ ಎಂದ ಕೂಡಲೇ ನಮ್ಮವರು ಬೈಬಲಿನ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ ಹೇಳುತ್ತಾರೆ: ನಿಮ್ಮ ವಿಷಯದಲ್ಲಿ ನನ್ನ ಯೋಜನೆ ಕೇಡಿನದಲ್ಲ, ಹಿತದ್ದು ಎಂಬ ದೇವರ ಭರವಸೆ. ಗೋಡೆ ಕ್ಯಾಲೆಂಡರುಗಳಲ್ಲಿ ಕಾಣುವುದೂ ಅದೇ. ಅದು ಒಂದು ಪತ್ರದ ನಡುವಿನ ಮಾತು ಎನ್ನುವುದು ಮರೆತುಹೋಗಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಆ ಪತ್ರದ 5ನೇ ವಚನ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಎನ್ನುತ್ತದೆ. 10ನೆಯದು ಎಪ್ಪತ್ತು ವರ್ಷದ ಅವಧಿ ಹೇಳುತ್ತದೆ. ಅಂದರೆ ಭರವಸೆ ಕೊಟ್ಟ ದೇವರೇ ಗುದ್ದಲಿ ಹಿಡಿಯಿರಿ ಎಂದೂ ಹೇಳಿದ್ದಾನೆ, ಗಡುವನ್ನೂ ತಿಳಿಸಿದ್ದಾನೆ. ರಾತ್ರಿ ಶಾಲೆಯ ಮಟ್ಟಿಗೆ ನಮ್ಮ ಗುದ್ದಲಿ ಆ ಹಾಜರಿ ಪುಸ್ತಕವೇ.

ಗಡುವಿನ ಲೆಕ್ಕ ನೋಡಿ. ಸರಕಾರದ ಸಾಕ್ಷರತಾ ಆಂದೋಲನದ ಮೂರು ಪ್ರವೇಶಿಕೆಗಳಿಗೆ, ಅಂದರೆ ಅಕ್ಷರ ಕಲಿಸುವ ಮೊದಲ ಪುಸ್ತಕಗಳಿಗೆ, ಇಟ್ಟುಕೊಂಡಿದ್ದ ಅಂದಾಜು ಸುಮಾರು 200 ಗಂಟೆ. ಹೆಂಗಸರು ಹೊಲದಿಂದ ಬಂದು, ರೊಟ್ಟಿ ಬಡಿದು, ಉಂಡು ಬರುವ ಹೊತ್ತಿಗೆ ಎಂಟು. ಒಂಬತ್ತೂವರೆಯ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ, ಅಂದರೆ 27 ವಾರ. ಹತ್ತಿ ಬಿಡಿಸುವ ಕಾಲ, ಜಾತ್ರೆ, ಮದುವೆ ಕಳೆದರೆ ಅದು ಹತ್ತು ತಿಂಗಳಾಗುತ್ತದೆ. "ಮೂರು ತಿಂಗಳಲ್ಲಿ ಬೈಬಲ್ ಓದಿಸ್ತೇವೆ" ಎಂದು ದೇವರ ಹೆಸರಲ್ಲಿ ಮಾತು ಕೊಡುವವರು ನಾಲ್ಕನೇ ತಿಂಗಳು ಖಾಲಿ ಚಾಪೆಗೆ ಪಾಠ ಮಾಡುತ್ತಾರೆ.

ಒಬ್ಬರು ಬರುವುದು ನಿಲ್ಲಿಸಿದರೆ "ದೇವರ ಚಿತ್ತ ಇರಲಿಲ್ಲ" ಎನ್ನುವುದು ಬಹಳ ಸುಲಭ. ಅದಕ್ಕೆ ಮೊದಲು ನೋಡಬೇಕಾದದ್ದು ಕಣ್ಣು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾಗುತ್ತದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. "ನನ್ನ ತಲಿಗಿ ಹತ್ತಂಗಿಲ್ರೀ" ಅನ್ನುತ್ತಾರೆ. ಪುಸ್ತಕ ಕೈಗೆ ಕೊಟ್ಟಾಗ ತೋಳು ಚಾಚಿ ದೂರ ಹಿಡಿದರೆ ಅರ್ಥವಾಯಿತು, ಬೇಕಾದದ್ದು ಚಾಳೀಸು. ನಲವತ್ತರ ಆಸುಪಾಸಿನವರಿಗೆ +1, ಐವತ್ತರವರಿಗೆ +2, ಅರವತ್ತರವರಿಗೆ +2.5 ಹತ್ತಿರ ಹತ್ತಿರ ಸರಿಹೋಗುತ್ತದೆ. ಆದರೂ ಒಮ್ಮೆ ಕಣ್ಣಿನ ತಪಾಸಣೆ ಮಾಡಿಸುವುದೇ ಸರಿ, ಏಕೆಂದರೆ ಪೊರೆ ಬಂದಿದ್ದರೆ ಯಾವ ಕನ್ನಡಕವೂ ನಡೆಯುವುದಿಲ್ಲ. ಪ್ರಾರ್ಥನೆಗೆ ಮೊದಲು ಚಾಳೀಸು ಎಂದರೆ ಕೆಲವರಿಗೆ ಬೇಸರ. ನಮಗೇನೂ ಇಲ್ಲ.

ಎರಡನೆಯದು ಪಾಠದ ಕ್ರಮ. ಅ ಆ ಇ ಈ ಇಂದ ಶುರುಮಾಡಿದರೆ ಒಂದು ತಿಂಗಳಾದರೂ ಒಂದು ಪದ ಓದಲು ಬರುವುದಿಲ್ಲ. ಸರಕಾರಿ ಶಾಲೆಯ ನಲಿ ಕಲಿ ತರಗತಿಯ ಮಕ್ಕಳ ಕ್ರಮವೇ ದೊಡ್ಡವರಿಗೂ ಒಗ್ಗುತ್ತದೆ: ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಹುಟ್ಟುತ್ತವೆ. ಆಮೇಲೆ ಜ, ವ, ಮ, ಬ, ನ. ಈಗ ಜನ, ದನ, ಮರ, ಬರ, ಅವಸರ ಎಲ್ಲ ಬಂತು. ಎರಡನೇ ವಾರದ ಕೊನೆಗೆ ‘ಬಸವನ ದನ’ ಎಂದು ಓದಿ ನಗುತ್ತಾರೆ. ತೊಡಕಾಗುವುದು ವ ಮತ್ತು ಮ. ಕೊಂಬು ಬಂದಾಗ ಇದು ಇನ್ನೂ ಗಟ್ಟಿಯಾಗುತ್ತದೆ: ನು, ರು, ಕು ಗಳಲ್ಲಿ ಕೊಂಬು ಬಲಕ್ಕೆ ಸೇರಿದರೆ, ಪು, ವು ಗಳಲ್ಲಿ ಕೆಳಕ್ಕೆ ಇಳಿಯುತ್ತದೆ. ರೂಢಿಯಂತೆ ಬಲಕ್ಕೇ ಎಳೆದರೆ ವ ಹೋಗಿ ಮ ಆಗಿ ಕೂರುತ್ತದೆ. ಹೀಗೆ ಕಾರಣ ಹೇಳಿದರೆ ದೊಡ್ಡವರಿಗೆ ಒಂದೇ ಸಲಕ್ಕೆ ಹಿಡಿಯುತ್ತದೆ. ಸುಮ್ಮನೆ ಇಪ್ಪತ್ತು ಸಲ ತಿದ್ದಿಸಿದರೆ ಹಿಡಿಯುವುದಿಲ್ಲ.

ಒತ್ತಕ್ಷರದಲ್ಲೂ ಹೀಗೆಯೇ. ಅಪ್ಪ, ಅಕ್ಕ, ಹಬ್ಬ ಮೊದಲು, ಏಕೆಂದರೆ ಅಲ್ಲಿ ಒತ್ತು ಅದೇ ಅಕ್ಷರದ ಚಿಕ್ಕ ರೂಪ. ತ, ನ, ಮ, ಯ, ರ, ಲ ಗಳ ಒತ್ತು ಬೇರೆಯೇ ಆಕಾರ, ಅವು ನಂತರ. ಹಾಗಾಗಿ ಅಪ್ಪ ಮುಂದೆ ಬಂದು ಅಮ್ಮ ಹಿಂದೆ ಬೀಳುತ್ತಾಳೆ. ಚಾಪೆಯ ಮೇಲೆ ಕೂತವರ ಹೆಸರುಗಳೆಲ್ಲ ಯಲ್ಲಮ್ಮ, ಹುಲಿಗೆಮ್ಮ, ಮರಿಯಮ್ಮ! ಅದಕ್ಕೇ ಹೆಸರನ್ನು ಅಕ್ಷರ ಬಿಡಿಸದೆ, ಚಿತ್ರದ ಹಾಗೆ, ಮೊದಲ ದಿನವೇ ಒಂದು ರಟ್ಟಿನ ಮೇಲೆ ಬರೆದು ಕೊಡಬೇಕು. ಸಹಿ ಮಾಡಲು ಬಂದ ಕೂಡಲೇ ಶಾಲೆ ಬಿಡುವವರಿದ್ದಾರೆ. ಅವರನ್ನು ತಡೆಯಲು ಸಹಿಯನ್ನು ಬೇಕೆಂದೇ ತಡಮಾಡುವ ಶಿಕ್ಷಕರಿದ್ದಾರೆ, ಅದು ತಪ್ಪು. ಹೆಬ್ಬೆಟ್ಟಿನಿಂದ ಬಿಡುಗಡೆ ಕೇಳಿಕೊಂಡು ಬಂದವರಿಗೆ ಮೊದಲು ಅದನ್ನೇ ಕೊಡಬೇಕು.

ಸಭೆಗೆ ಹೋಗುವವರಿಗೆ ಆದಷ್ಟು ಬೇಗ ದೇವರ ವಾಕ್ಯ ಓದುವ ಆಸೆ. ಮೊದಲ ಪುಟ ತೆರೆದರೆ ಮೊದಲ ಪದವೇ ‘ಆದಿಯಲ್ಲಿ’, ಅಲ್ಲೇ ಲ ಒತ್ತು ಅಡ್ಡಬರುತ್ತದೆ. ಅದರ ಬದಲು 23ನೇ ಕೀರ್ತನೆಗೆ ಹೋಗಿ: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಇಡೀ ಸಾಲಿನಲ್ಲಿ ಒಂದೂ ಒತ್ತಕ್ಷರ ಇಲ್ಲ. ಕೊಂಬು, ಏತ್ವ, ಓತ್ವ, ದೀರ್ಘ ಗೊತ್ತಿದ್ದರೆ ಸಾಕು. ಆದರೆ ಇಲ್ಲೊಂದು ಮೋಸವಿದೆ. ಈ ಸಾಲು ಅವರಿಗೆ ಬಾಯಿಪಾಠ. ಬೆರಳು ‘ನನಗೆ’ ಮೇಲೆ ನಿಂತಿರುತ್ತದೆ, ಬಾಯಿ ‘ಕೊರತೆಪಡೆನು’ ಮುಗಿಸಿರುತ್ತದೆ. ನಾಲ್ಕು ಪದಗಳನ್ನು ನಾಲ್ಕು ಚೀಟಿಗಳಲ್ಲಿ ಬರೆದು, ಕಲಸಿ, ಒಂದೊಂದೇ ತೋರಿಸಿ. ‘ಕುರುಬನು’ ಎಂದು ಬಿಡಿಯಾಗಿ ಓದಿದವರು ಓದಿದವರೇ. ಪದ ಸಿಗದೆ ಮೊದಲಿನಿಂದ ಗುನುಗಲು ಶುರುಮಾಡಿದರೆ ಮತ್ತೆ ಕಾಗುಣಿತಕ್ಕೆ. ಹಾಡುಪುಸ್ತಕಕ್ಕೂ ಇದೇ ಪರೀಕ್ಷೆ. ಕಟ್ಟಕಡೆಗೆ ಅರ್ಕಾವೊತ್ತು: ‘ಕರ್ತ’ ಎನ್ನುವುದನ್ನು ಎಲ್ಲರೂ ‘ಕತ್ರ’ ಎಂದೇ ಓದುತ್ತಾರೆ, ಏಕೆಂದರೆ ಗುರುತು ತ ಆದ ಮೇಲೆ ಇದೆ, ಉಚ್ಚಾರ ಮಾತ್ರ ಮೊದಲು. ಅದಕ್ಕೊಂದು ವಾರ ಬೇಕು.

ಹಾಗಾದರೆ ನಂಬಿಕೆಗೆ ಜಾಗ ಎಲ್ಲಿ? ಬೈಬಲಿನಲ್ಲಿ ಕೊರಿಂಥದ ಸಭೆಯವರಿಗೆ ಪೌಲ ಬರೆದದ್ದು ಇಷ್ಟೇ: ನಾನು ನೆಟ್ಟೆ, ಅಪೊಲ್ಲೋಸನು ನೀರು ಹೊಯ್ದ, ಬೆಳೆಸಿದವನು ದೇವರು. ನೆಡುವ, ನೀರು ಹೊಯ್ಯುವ ಕೆಲಸವನ್ನು ಅವನು ದೇವರ ತಲೆಗೆ ಕಟ್ಟಲಿಲ್ಲ. ಯೋಜನೆ ಕೈಕೊಟ್ಟಾಗ ಏನಾಗುತ್ತದೆ ಎನ್ನುವುದಕ್ಕೆ ಫ್ರ್ಯಾಂಕ್ ಲೌಬಾಕ್ ಎಂಬ ಅಮೆರಿಕದ ಮಿಷನರಿಯ ಉದಾಹರಣೆ ಒಳ್ಳೆಯದು. ಫಿಲಿಪ್ಪೀನ್ಸಿನ ಮಿಂಡನಾವೋ ದ್ವೀಪದಲ್ಲಿ, ಲನಾವೋ ಪ್ರದೇಶದ ಮರನಾವೋ ಮುಸ್ಲಿಮರ ನಡುವೆ ಅವನು 1930ರಲ್ಲಿ ಸಾಕ್ಷರತೆ ಶುರುಮಾಡಿದ. ಶಿಕ್ಷಕರಿಗೆ ಸಂಬಳವಿತ್ತು. ಆರ್ಥಿಕ ಮುಗ್ಗಟ್ಟು ಬಂದು ಅಮೆರಿಕದ ಹಣ ನಿಂತಿತು, ಶಾಲೆ ಮುಚ್ಚುವ ಹಂತ. ಆಗ ಮರನಾವೋ ಮುಖಂಡನೊಬ್ಬ, ಕಲಿತ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಕಲಿಸಲೇಬೇಕು ಎಂದು ಕಟ್ಟಪ್ಪಣೆ ಮಾಡಿದ. ಒಬ್ಬರು ಒಬ್ಬರಿಗೆ ಕಲಿಸುವ ಆ ಪದ್ಧತಿಯೇ ಆಮೇಲೆ ದೇಶ ದೇಶ ಸುತ್ತಿತು. 1935ರಲ್ಲಿ ಲೌಬಾಕ್ ಭಾರತಕ್ಕೂ ಬಂದ. ಹಣ ನಿಂತದ್ದು ದೇವರ ಯೋಜನೆಯೋ ಅಲ್ಲವೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಪರಿಹಾರ ಹೇಳಿದವನು ಮಿಷನರಿಯಲ್ಲ, ಕ್ರೈಸ್ತನೂ ಅಲ್ಲ, ಊರಿನವನು. ಅದನ್ನು ಕೇಳಿಸಿಕೊಳ್ಳುವಷ್ಟು ಕಿವಿ ಮಿಷನರಿಗಿತ್ತು.

ಕನ್ನಡದಲ್ಲಿ ಆ ಪದ್ಧತಿಗೆ ಒಂದು ಮಿತಿಯಿದೆ. ಕಾಗುಣಿತ ಮುಗಿಸಿದವರು ಪಕ್ಕದವರಿಗೆ ಮೂಲಾಕ್ಷರ ಚೆನ್ನಾಗಿ ಕಲಿಸುತ್ತಾರೆ. ಒತ್ತಕ್ಷರವನ್ನು ಅವರ ಕೈಗೆ ಕೊಟ್ಟರೆ ‘ಕತ್ರ’ ಇಡೀ ಓಣಿಗೆ ಹಬ್ಬುತ್ತದೆ.

ಮತಾಂತರದ ಮಾತು ಬಂದೇ ಬರುತ್ತದೆ, ಆದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ರಾತ್ರಿ ಶಾಲೆಯಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯದ ಪ್ರವೇಶಿಕೆ, ಅಷ್ಟೇ. ಕೀರ್ತನೆ ಓದಿಸುವುದು ಸಭೆಯವರಿಗೆ, ಸಭೆಯ ಜಾಗದಲ್ಲಿ, ಬೇರೆ ದಿನ. ಎರಡನ್ನೂ ಬೆರೆಸಿದರೆ ಊರಿನ ಅರ್ಧ ಜನ ಅಕ್ಷರವನ್ನೇ ಅನುಮಾನಿಸುತ್ತಾರೆ, ಆ ಅನುಮಾನ ನ್ಯಾಯವೂ ಹೌದು.

ಉಳಿದದ್ದು ಗುಳೆ. ಸುಗ್ಗಿ ಮುಗಿದರೆ ಅರ್ಧ ಚಾಪೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಎದ್ದುಹೋಗುತ್ತದೆ. ಹೋದವರ ಹೆಸರು ಹೊಡೆದುಹಾಕಬೇಡಿ. ‘ಗುಳೆ’ ಎಂದು ಬರೆದು, ಎಷ್ಟನೇ ಪಾಠ ಮುಗಿದಿತ್ತು ಎಂದು ನಮೂದಿಸಿ, ಹಾಜರಿ ಪುಸ್ತಕದ ಮುಂದಿನ ಚೌಕಗಳನ್ನು ಖಾಲಿ ಬಿಡಿ. ಬುಧವಾರದ ಪ್ರಾರ್ಥನೆಯಲ್ಲಿ ಅವರ ಹೆಸರು ಓದುವುದಕ್ಕೂ ಅದೇ ಪಟ್ಟಿ ಸಾಕು. ತಿರುಗಿ ಬಂದಾಗ ಒಂದನೇ ಪಾಠಕ್ಕೆ ಕೂರಿಸಿದರೆ ಅವಮಾನವಾಗಿ ಬಿಟ್ಟುಹೋಗುತ್ತಾರೆ. ಮುಗಿಸಿದ ಪಾಠಗಳಿಂದ ಮೂರು ಮೂರು ಸಾಲು ಓದಿಸುತ್ತಾ ಬನ್ನಿ. ಎಲ್ಲಿ ತಡವರಿಸುತ್ತಾರೋ ಅದಕ್ಕಿಂತ ಎರಡು ಪಾಠ ಹಿಂದಿನಿಂದ ಶುರುಮಾಡಿ. ಹೋಗುವಾಗ ಹೆಸರಿನ ರಟ್ಟನ್ನೂ ಚಾಳೀಸನ್ನೂ ಮರೆಯದೆ ಕಟ್ಟಿ ಕಳಿಸಿ. ಶೆಡ್ಡಿನಲ್ಲಿ ಪುಸ್ತಕ ಉಳಿಯುವುದಿಲ್ಲ, ಬಸ್ಸಿನ ಬೋರ್ಡು ಇದ್ದೇ ಇರುತ್ತದೆ. ‘ಮೆಜೆಸ್ಟಿಕ್’ ಈಗಲೇ ಬಾರದಿದ್ದರೂ ‘ಯಶವಂತಪುರ’ ಬರುತ್ತದೆ: ಒತ್ತಿಲ್ಲ, ಒಂದು ಸೊನ್ನೆ, ಕೊಂಬು ಕೆಳಕ್ಕಿಳಿದ ಒಂದು ಪು.