ಡುಪ್ಲಿಕೇಟ್ ಎಂದು ನಾನು ಅಳಿಸಿದ ಊರು

ಬೆಂಗಳೂರಿನಲ್ಲಿ ಕುಳಿತು ಯುರೋಪಿನ ವಿಳಾಸಗಳನ್ನು ತಿದ್ದುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಕಾರಿನಲ್ಲಿ ದಾರಿ ತೋರಿಸುವ ನಕ್ಷೆಯ ಹಿಂದೆ, ಪಾರ್ಸೆಲ್ ತಲುಪಿಸುವವರ ಮೊಬೈಲಿನ ಹಿಂದೆ ಒಂದು ದೊಡ್ಡ ಪಟ್ಟಿ ಇರುತ್ತದೆ. ಊರಿನ ಹೆಸರು, ಪಿನ್ ಕೋಡ್, ಯಾವ ಜಿಲ್ಲೆ, ಯಾವ ರಾಜ್ಯ, ನಕ್ಷೆಯ ಮೇಲೆ ಯಾವ ಬಿಂದು ಎಂಬ ವಿವರವೆಲ್ಲ ಅದರಲ್ಲಿ ಸಿಗುತ್ತದೆ. ನಾಲ್ಕಾರು ಮೂಲಗಳಿಂದ ತಂದು ಕೂಡಿಸಿದ ಪಟ್ಟಿಯಾದ್ದರಿಂದ ಒಂದೇ ಊರು ಎರಡು ಸಲ ನುಸುಳುವುದು ಸಾಮಾನ್ಯ. ಹಾಗೆ ನುಸುಳಿರಬಹುದಾದ ಜೋಡಿಗಳನ್ನು ಕಂಪ್ಯೂಟರ್ ಹೆಕ್ಕಿ ಕೊಡುತ್ತದೆ. ನಾವು ನೋಡಿ, ಒಂದನ್ನು ಉಳಿಸಿ, ಇನ್ನೊಂದನ್ನು ಅದರೊಳಗೆ ಮರ್ಜ್ ಮಾಡುತ್ತೇವೆ. ದಿನಕ್ಕೆ ಇನ್ನೂರು ಜೋಡಿ ಮುಗಿಸಬೇಕು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನ ಪಾಲಿಗೆ ಬಂದ ಜೋಡಿಯ ಹೆಸರು ಮ್ಯೋಡ್ಲರಾಯ್ಟ್. ಎರಡೂ ಸಾಲಿನಲ್ಲಿ ಅದೇ ಹೆಸರು, ಅಕ್ಷರ ಅಕ್ಷರವೂ ಒಂದೇ. ಎರಡು ಬಿಂದುಗಳ ನಡುವೆ ಒಂದು ಸಣ್ಣ ಬೀದಿಯ ಉದ್ದದಷ್ಟೂ ದೂರವಿಲ್ಲ. ಉಪಗ್ರಹ ಚಿತ್ರ ತೆರೆದರೆ ಹೊಲಗಳ ನಡುವೆ ಕೆಂಪು ಹೆಂಚಿನ ಹತ್ತಿಪ್ಪತ್ತು ಮನೆಗಳು, ಒಂದು ಕೆರೆ, ಒಂದು ರಸ್ತೆ, ಅಷ್ಟೇ. ಒಂದು ಸಾಲಿನಲ್ಲಿ ಪಿನ್ ಕೋಡ್ 95183 ಎಂದಿತ್ತು, ಇನ್ನೊಂದರಲ್ಲಿ 7926. ಜರ್ಮನಿಯ ಪಿನ್ ಕೋಡ್ ಐದಂಕಿಯದು. ನಾಲ್ಕಂಕಿಯದು ಕಂಡರೆ ಮೂಲದಲ್ಲೇ ಯಾರೋ ತಪ್ಪು ತುಂಬಿದ್ದಾರೆ ಎಂದುಕೊಳ್ಳುವುದು ನಮ್ಮ ಅಭ್ಯಾಸ. ಐದಂಕಿಯ ಸಾಲನ್ನು ಉಳಿಸಿದೆ, ಇನ್ನೊಂದನ್ನು ಮರ್ಜ್ ಮಾಡಿದೆ, ಮುಂದಿನ ಜೋಡಿಗೆ ಹೋದೆ. ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಮೂರನೆಯ ದಿನ ಇಡೀ ಬ್ಯಾಚ್ ವಾಪಸು ಬಂತು. ಜರ್ಮನಿಯಲ್ಲಿ ಕೂತು ನಮ್ಮ ಕೆಲಸವನ್ನು ಪರಿಶೀಲಿಸುವವರು ಆ ಸಾಲಿನ ಪಕ್ಕ ಎರಡೇ ವಾಕ್ಯ ಬರೆದಿದ್ದರು: ಇದು ಡುಪ್ಲಿಕೇಟ್ ಅಲ್ಲ. ದಯವಿಟ್ಟು ಈ ಊರಿನ ಬಗ್ಗೆ 1810ರಿಂದ ಓದಿ.

ನಮ್ಮ ತಂಡದ ಹಿರಿಯರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿಲ್ಲ. "ನೋಡಮ್ಮ, ಈ ಊರು ಎರಡು ಸಲ ಯಾಕೆ ಬಂದಿದೆ ಎಂದು ಯೋಚಿಸಿದೆಯಾ?" ಎಂದರು.

"ಇಲ್ಲ ಸರ್. ಒಂದು ತಪ್ಪು ಅಂದುಕೊಂಡೆ."

"ಯಾವುದು ತಪ್ಪು ಎಂದು ಹೇಗೆ ಗೊತ್ತಾಯಿತು?"

"ಪಿನ್ ಕೋಡ್ ನಾಲ್ಕೇ ಅಂಕಿ ಇತ್ತು."

ಅವರು ಮೂಲ ಕಡತವನ್ನು ತೆರೆದು ತೋರಿಸಿದರು. ಅಲ್ಲಿ ಇದ್ದದ್ದು 07926. ಪಟ್ಟಿಯನ್ನು ಎಕ್ಸೆಲ್‌ಗೆ ತಂದಾಗ ಆ ಕಾಲಮ್ಮನ್ನು ಅದು ಸಂಖ್ಯೆ ಎಂದು ಓದಿ ಮುಂದಿನ ಸೊನ್ನೆಯನ್ನು ನುಂಗಿಹಾಕಿತ್ತು. ಆ ಸೊನ್ನೆಗೇ ಒಂದು ಚರಿತ್ರೆ ಇದೆ ಎಂದು ನನಗೆ ಆಗ ತಿಳಿದಿರಲಿಲ್ಲ. ಎರಡೂ ಜರ್ಮನಿಗಳಲ್ಲಿ ಮೊದಲು ಅವರವರದೇ ನಾಲ್ಕಂಕಿಯ ಕೋಡ್‌ಗಳಿದ್ದವು. ದೇಶ ಒಂದಾದ ಮೇಲೆ ಒಂದೇ ಸಂಖ್ಯೆ ಎರಡು ಕಡೆ ಬರುವುದನ್ನು ತಪ್ಪಿಸಲು ಪಶ್ಚಿಮದ ಕೋಡಿಗೆ ಡಬ್ಲ್ಯೂ, ಪೂರ್ವದ್ದಕ್ಕೆ ಓ (ಜರ್ಮನ್‌ನಲ್ಲಿ ಪೂರ್ವಕ್ಕೆ ಓಸ್ಟ್ ಎನ್ನುತ್ತಾರೆ) ಎಂಬ ಅಕ್ಷರವನ್ನು ಮುಂದೆ ಹಚ್ಚಿ ಕೆಲವು ವರ್ಷ ದೂಡಿದರು. 1993ರ ಜುಲೈ 1ರಂದು ಐದಂಕಿಯ ಹೊಸ ಕೋಡ್ ಬಂತು. ಅದರಲ್ಲಿ ಸೊನ್ನೆಯಿಂದ ಶುರುವಾಗುವವು ಹಿಂದಿನ ಪೂರ್ವ ಜರ್ಮನಿಯ ದಕ್ಷಿಣ ಭಾಗದವು. ನಾನು ಕಸವೆಂದು ತೆಗೆದುಹಾಕಿದ್ದು ಆ ಊರಿನ ಪೂರ್ವದ ಅರ್ಧವನ್ನು.

ಆ ರಾತ್ರಿ ಮನೆಗೆ ಹೋಗಿ ಓದಲು ಕುಳಿತವಳು ಎರಡು ಗಂಟೆಯವರೆಗೆ ಏಳಲಿಲ್ಲ.

ಮ್ಯೋಡ್ಲರಾಯ್ಟ್ ಇರುವುದು ಹೋಫ್ ಪಟ್ಟಣದ ಉತ್ತರಕ್ಕೆ, ಮ್ಯೂನಿಕ್‌ನಿಂದ ಬರ್ಲಿನ್‌ಗೆ ಹೋಗುವ ಎ9 ಹೆದ್ದಾರಿಯಿಂದ ಅಷ್ಟೇನೂ ದೂರವಲ್ಲದ ದಿಣ್ಣೆಯ ಸೀಮೆಯಲ್ಲಿ. ಆ ಕಡೆಯ ಊರುಗಳ ಹೆಸರಿನ ಕೊನೆಗೆ ರಾಯ್ಟ್ ಎಂದು ಬರುವುದು ಹೆಚ್ಚು. ದೊಡ್ಡ ಪಟ್ಟಣವಾದ ಬೈರಾಯ್ಟ್ ಕೂಡ ಹಾಗೆಯೇ. ಕಾಡು ಕಡಿದು ಬಯಲು ಮಾಡಿದ ಜಾಗ ಎಂದು ಅರ್ಥ. ಊರಿನಲ್ಲಿ ಈಗ ಐವತ್ತರ ಆಸುಪಾಸು ಜನ ಇದ್ದಾರೆ. ನಡುವೆ ಟಾನ್‌ಬಾಖ್ ಎಂಬ ಸಣ್ಣ ತೊರೆ ಹರಿದು ಮುಂದೆ ಜಾಲೆ ನದಿಯನ್ನು ಸೇರುತ್ತದೆ. ಆ ತೊರೆಯೇ ಗಡಿ. ಒಂದು ದಡ ಬವೇರಿಯಾ ರಾಜ್ಯದ ಹೋಫ್ ಜಿಲ್ಲೆಯ ಟ್ಯೋಪನ್ ಪಂಚಾಯಿತಿಗೆ ಸೇರಿದೆ. ಇನ್ನೊಂದು ದಡ ಥುರಿಂಗಿಯಾ ರಾಜ್ಯದ ಜಾಲೆ-ಓರ್ಲಾ ಜಿಲ್ಲೆಯ ಗೆಫೆಲ್ ಪುರಸಭೆಗೆ.

1810ರಲ್ಲಿ ಬೈರಾಯ್ಟ್ ಸೀಮೆ ಬವೇರಿಯಾದ ಅರಸನ ಕೈಗೆ ಬಂತು. ತೊರೆಯ ಆಚೆಗಿದ್ದದ್ದು ರಾಯ್ಸ್ ಎಂಬ ಚಿಕ್ಕ ಸಂಸ್ಥಾನ. ಆಗ ತೊರೆಯ ಉದ್ದಕ್ಕೂ ಗಡಿಕಲ್ಲುಗಳನ್ನು ನೆಟ್ಟರು. ಬವೇರಿಯಾ ರಾಜ್ಯವೆಂದು ಸೂಚಿಸುವ ಕೆ ಮತ್ತು ಬಿ ಒಂದು ಮುಖದಲ್ಲಿ, ರಾಯ್ಸ್ ಸಂಸ್ಥಾನವೆಂದು ಹೇಳುವ ಎಫ್ ಮತ್ತು ಆರ್ ಇನ್ನೊಂದು ಮುಖದಲ್ಲಿ. ನೂರಕ್ಕೂ ಹೆಚ್ಚು ವರ್ಷ ಆ ಕಲ್ಲುಗಳಿಂದ ಯಾರಿಗೂ ತೊಂದರೆಯಾಗಲಿಲ್ಲ ಎಂಬುದನ್ನು ನಾನು ಎರಡು ಸಲ ಓದಿದೆ. ಕಲ್ಲಿದ್ದರೂ ಊರು ಒಂದೇ. ಶಾಲೆಯೂ ಸಂಜೆ ಜನ ಸೇರುವ ಪಾನಗೃಹವೂ ರಾಯ್ಸ್‌ನ ದಡದಲ್ಲಿ. ಚರ್ಚಿಗೆ ಹೋಗುವುದು ಬವೇರಿಯಾದ ಟ್ಯೋಪನ್‌ಗೆ. ಮೊದಲ ಮಹಾಯುದ್ಧದ ನಂತರ ಅರಸರು ಹೋದರು. 1920ರಲ್ಲಿ ರಾಯ್ಸ್ ಸೀಮೆ ಹೊಸ ಥುರಿಂಗಿಯಾ ರಾಜ್ಯದೊಳಗೆ ಸೇರಿತು. ಆಗಲೂ ಊರಿನವರು ದಿನಕ್ಕೆ ಹತ್ತು ಸಲ ತೊರೆ ದಾಟುತ್ತಲೇ ಇದ್ದರು.

ಎರಡನೆಯ ಮಹಾಯುದ್ಧ ಮುಗಿದಾಗ ಗೆದ್ದವರು ಜರ್ಮನಿಯನ್ನು ಹಂಚಿಕೊಂಡದ್ದು ಹಳೆಯ ರಾಜ್ಯಗಳ ಎಲ್ಲೆಯನ್ನು ಹಿಡಿದು. ಬವೇರಿಯಾ ಅಮೆರಿಕದ ಪಾಲಿಗೆ, ಥುರಿಂಗಿಯಾ ಸೋವಿಯತ್ ಒಕ್ಕೂಟದ ಪಾಲಿಗೆ. 1949ರಲ್ಲಿ ಎರಡು ದೇಶಗಳಾದವು. ಸಂಸ್ಥಾನಗಳ ಕಾಲದಲ್ಲಿ ನೆಟ್ಟ ಕಲ್ಲುಗಳ ಸಾಲು 1,393 ಕಿಲೋಮೀಟರ್ ಉದ್ದದ ಗಡಿಯ ಒಂದು ತುಣುಕಾಯಿತು.

1952ರ ಮೇ ತಿಂಗಳ ಕೊನೆಯಲ್ಲಿ ಪೂರ್ವ ಜರ್ಮನಿ ಗಡಿಯನ್ನು ಮುಚ್ಚಿತು. ಗಡಿಯ ಅಂಚಿಗೆ ಹತ್ತು ಮೀಟರ್ ಅಗಲದ ಪಟ್ಟಿಯನ್ನು ಉತ್ತು, ಹೆಜ್ಜೆ ಇಟ್ಟರೆ ಗುರುತು ಮೂಡುವ ಹಾಗೆ ಹದ ಮಾಡಿದರು. ಅದರ ಹಿಂದೆ 500 ಮೀಟರ್ ಕಾವಲು ವಲಯ, ಅದರ ಹಿಂದೆ 5 ಕಿಲೋಮೀಟರ್ ನಿರ್ಬಂಧಿತ ವಲಯ. ನಂಬಿಕೆಗೆ ಅರ್ಹರಲ್ಲ ಎಂದು ಸರ್ಕಾರ ತೀರ್ಮಾನಿಸಿದ ಕುಟುಂಬಗಳನ್ನು ಗಡಿಯ ಊರುಗಳಿಂದ ಎಬ್ಬಿಸಿ ಒಳನಾಡಿಗೆ ಸಾಗಿಸಿದರು. ಆ ಕಾರ್ಯಾಚರಣೆಗೆ ಅಧಿಕಾರಿಗಳು ಇಟ್ಟುಕೊಂಡಿದ್ದ ಹೆಸರಿನ ಅರ್ಥ ಕ್ರಿಮಿಕೀಟ. ಮನುಷ್ಯರನ್ನು ಒಂದು ಪಟ್ಟಿಯಲ್ಲಿ ಸಾಲಾಗಿ ಬರೆದು, ಬೇಡದ ಸಾಲುಗಳಿಗೆ ಅಂಥ ಹೆಸರು ಕೊಟ್ಟು ತೆಗೆದುಹಾಕಿದ್ದನ್ನು ಓದುವಾಗ ನನ್ನ ಕೈ ಮೌಸಿನ ಮೇಲಿತ್ತು. ನನ್ನದು ಆ ಬಗೆಯ ತಪ್ಪಲ್ಲ ಎಂದು ನನಗೆ ಗೊತ್ತು. ಆದರೂ ಆ ಹೊತ್ತಿನಲ್ಲಿ ಸುಮ್ಮನೆ ಕೂರಲು ಆಗಲಿಲ್ಲ.

ಮ್ಯೋಡ್ಲರಾಯ್ಟ್‌ನಲ್ಲಿ ಮೊದಲು ಹಲಗೆಯ ಬೇಲಿ ಬಂತು. 1966ರಲ್ಲಿ, ಬರ್ಲಿನ್ ಗೋಡೆ ಎದ್ದ ಐದು ವರ್ಷದ ಮೇಲೆ, ಇಲ್ಲೂ ಕಾಂಕ್ರೀಟ್ ಗೋಡೆ ಕಟ್ಟಿದರು. 700 ಮೀಟರ್ ಉದ್ದ, 3.3 ಮೀಟರ್ ಎತ್ತರ. ಗೋಡೆಯನ್ನು ತೊರೆಯ ಮೇಲಲ್ಲ, ಪೂರ್ವದ ನೆಲದೊಳಗೆ ಸ್ವಲ್ಪ ಹಿಂದಕ್ಕೆ ಕಟ್ಟಿದ್ದರು. ಹೀಗಾಗಿ ಪಶ್ಚಿಮದವರು ತೊರೆಯವರೆಗೂ ಬಂದು ನಿಲ್ಲಬಹುದಿತ್ತು, ಒಂದು ಹೆಜ್ಜೆ ಮುಂದಿಟ್ಟರೆ ಬೇರೆ ದೇಶ. ಪೂರ್ವದ ದಡದ ಮನೆಗೆ ನೆಂಟರು ಬರಬೇಕಾದರೂ ಪರವಾನಗಿ ಬೇಕಿತ್ತು. ಪಶ್ಚಿಮದ ದಡದವರು ಕೈಬೀಸಿದರೆ ಪೂರ್ವದವರು ತಿರುಗಿ ಕೈಬೀಸುವಂತಿರಲಿಲ್ಲ. ಅಮೆರಿಕದ ಸೈನಿಕರು ಈ ಊರನ್ನು ಪುಟ್ಟ ಬರ್ಲಿನ್ ಎಂದು ಕರೆದರು. 1983ರಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಬಂದು ನೋಡಿ ಹೋದರು.

ಬರ್ಲಿನ್‌ನಲ್ಲಿ ಗೋಡೆ ತೆರೆದದ್ದು 1989ರ ನವೆಂಬರ್ 9ರಂದು. ಮ್ಯೋಡ್ಲರಾಯ್ಟ್‌ನವರಿಗೆ ನಡೆದು ದಾಟಲು ದಾರಿ ಸಿಕ್ಕಿದ್ದು ಡಿಸೆಂಬರ್ 9ರಂದು. ಇಡೀ ಜಗತ್ತು ಬರ್ಲಿನ್ ನೋಡಿ ಸಂಭ್ರಮಿಸಿದ ಮೇಲೂ ಇವರು ಎದುರಿನ ಮನೆಯ ಬಾಗಿಲಿಗೆ ಹೋಗಲು ಒಂದು ತಿಂಗಳು ಕಾಯಬೇಕಾಯಿತು. 1990ರ ಜೂನ್ 17ರಂದು ಯಂತ್ರ ತಂದು ಗೋಡೆಯನ್ನು ಕೆಡವಿದರು. ಸುಮಾರು 100 ಮೀಟರ್‌ನಷ್ಟನ್ನು ಮಾತ್ರ ಹಾಗೆಯೇ ಬಿಟ್ಟರು. ಈಗ ಅದು ಅಲ್ಲಿನ ವಸ್ತುಸಂಗ್ರಹಾಲಯದ ಭಾಗ.

ಬ್ಯಾಚನ್ನು ಮತ್ತೆ ಮೊದಲಿನಿಂದ ನೋಡಲು ನಾವು ಆರು ಜನ ಮೂರು ದಿನ ಕುಳಿತೆವು. ಕಳೆದುಹೋದ ಸೊನ್ನೆಗಳು ಒಂದೆರಡಲ್ಲ. ಪ್ರತಿಯೊಂದಕ್ಕೂ ಈ ಸಲ ನಾನು ಇನ್ನೊಂದು ಕಾಲಮ್ ನೋಡುತ್ತಾ ಹೋದೆ. ಜರ್ಮನಿಯ ಪ್ರತಿ ಸ್ಥಳೀಯ ಸಂಸ್ಥೆಗೂ ಎಂಟಂಕಿಯ ಒಂದು ಸರ್ಕಾರಿ ಸಂಕೇತವಿದೆ. ಮೊದಲ ಎರಡು ಅಂಕಿ ರಾಜ್ಯದ್ದು. ಬವೇರಿಯಾಕ್ಕೆ 09, ಥುರಿಂಗಿಯಾಕ್ಕೆ 16. ಅದು ಆ ದಿನವೂ ನನ್ನ ಪರದೆಯ ಬಲತುದಿಯಲ್ಲೇ ಇತ್ತು. ಸರಿಸಿ ನೋಡಿದ್ದರೆ ಎರಡು ಸಾಲು ಎರಡು ರಾಜ್ಯದವು ಎಂದು ತಕ್ಷಣ ಕಾಣುತ್ತಿತ್ತು.

ಎರಡು ವರ್ಷದ ನಂತರ ತರಬೇತಿಗೆಂದು ಜರ್ಮನಿಗೆ ಹೋದಾಗ ಒಂದು ಭಾನುವಾರ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಅಲ್ಲಿಗೆ ಹೋದೆ. ಟ್ಯೋಪನ್ ಕಡೆಯಿಂದ ಇಳಿಜಾರು ದಾರಿ. ಕೆರೆಯ ಪಕ್ಕ ಕಾರು ನಿಲ್ಲಿಸಿ ನಡೆದೆವು. ಎದುರಿಗೆ ಸುಣ್ಣ ಬಳಿದಂತೆ ಬೆಳ್ಳಗಿನ ಗೋಡೆ, ಅದರ ಹಿಂದೆ ಕಾವಲುಗೋಪುರ, ಹುಲ್ಲಿನ ಮೇಲೆ ನೀಲಿ ಬಿಳಿ ಪಟ್ಟೆಯ ಗಡಿಕಂಬ. ನನಗೆ ತೊರೆ ನೋಡಬೇಕಿತ್ತು. ಹುಲ್ಲಿನಲ್ಲಿ ಹುಡುಕಬೇಕಾಯಿತು, ಅಷ್ಟು ಸಣ್ಣದು. ನೆರಿಗೆ ಎತ್ತಿ ಹಿಡಿದರೆ ಸೀರೆ ಉಟ್ಟವರೂ ಒಂದೇ ಹೆಜ್ಜೆಗೆ ದಾಟಬಹುದು. ನೀರು ಪಾದ ಮುಳುಗುವಷ್ಟಿತ್ತು, ತಳದ ಬೆಣಚುಕಲ್ಲು ಕಾಣುತ್ತಿತ್ತು. ಕಚೇರಿಯ ಪರದೆಯಲ್ಲಿ ಅದು ಎರಡು ಬಿಂದುಗಳ ನಡುವೆ ಕೂದಲಿನಷ್ಟು ತೆಳ್ಳಗಿನ ನೀಲಿ ಗೆರೆ. ನಾನು ಅದನ್ನು ಗಮನಿಸಿಯೂ ಇರಲಿಲ್ಲ.

ದಾಟಿ ಹೋದೆ. ಈ ದಡದಲ್ಲಿ ಎದುರಾದ ಹಿರಿಯರು "ಗ್ರೂಸ್ ಗಾಟ್" ಎಂದಿದ್ದರು, ಬವೇರಿಯಾದ ವಾಡಿಕೆಯಂತೆ. ಆ ದಡದಲ್ಲಿ ಬೇಲಿಯ ಬಳಿ ನಿಂತಿದ್ದ ಮಹಿಳೆ "ಗುಟನ್ ಟಾಕ್" ಎಂದರು. ಮನೆಗಳ ಮುಂದೆ ನಿಂತ ಕಾರುಗಳ ನಂಬರ್ ಪ್ಲೇಟ್ ಒಂದು ಕಡೆ ಎಚ್‌ಒ ಎಂದು, ಇನ್ನೊಂದು ಕಡೆ ಎಸ್‌ಒಕೆ ಎಂದು ಶುರುವಾಗುತ್ತಿದ್ದವು. ದೂರವಾಣಿ ಸಂಕೇತ ಬೇರೆ, ಮೇಯರ್ ಬೇರೆ, ಮತ ಹಾಕುವ ವಿಧಾನಸಭೆ ಬೇರೆ. ಗೋಡೆ ಹೋಗಿ ಮೂವತ್ತು ವರ್ಷ ದಾಟಿದರೂ ಎರಡು ದಡವನ್ನು ಒಂದು ಆಡಳಿತಕ್ಕೆ ಸೇರಿಸಿಲ್ಲ. ನನಗೆ ಅದರಲ್ಲಿ ದುಃಖಪಡುವಂಥದ್ದು ಕಾಣಲಿಲ್ಲ. ಗೋಡೆ ಬೇರೆ, ಗಡಿಕಲ್ಲು ಬೇರೆ. ಕಲ್ಲಿನ ಕಾಲದಲ್ಲಿ ಊರಿನವರು ಹೇಗಿದ್ದರೋ ಈಗ ಮತ್ತೆ ಹಾಗಿದ್ದಾರೆ.

ವಾಪಸು ಬಂದ ಮೇಲೆ ನಮ್ಮ ಕೆಲಸದ ಕ್ರಮದಲ್ಲಿ ಎರಡು ಬದಲಾವಣೆ ಕೇಳಿದೆ, ಎರಡೂ ಆದವು. ಪಿನ್ ಕೋಡ್ ಕಾಲಮ್ಮನ್ನು ಎಲ್ಲೇ ತೆರೆದರೂ ಅಕ್ಷರವೆಂದೇ ಓದಬೇಕು, ಸಂಖ್ಯೆಯೆಂದಲ್ಲ. ರಾಜ್ಯದ ಅಂಕಿ ಬೇರೆಯಾಗಿದ್ದರೆ ಕಂಪ್ಯೂಟರ್ ಆ ಜೋಡಿಯನ್ನು ಮರ್ಜ್‌ಗೆ ಸೂಚಿಸುವಂತಿಲ್ಲ, ಮನುಷ್ಯರೊಬ್ಬರು ಕಾರಣ ಬರೆದ ಮೇಲೆಯೇ ಕೈ ಹಾಕಬೇಕು.

ಇಷ್ಟಾದರೂ ಸಾಲದು ಎಂದು ಮರುವರ್ಷವೇ ಗೊತ್ತಾಯಿತು. ಬ್ಯೂಸಿಂಗನ್ ಎಂಬ ಇನ್ನೊಂದು ಜರ್ಮನ್ ಹಳ್ಳಿಯ ಸುತ್ತಲೂ ಸ್ವಿಟ್ಜರ್‌ಲೆಂಡ್ ಇದೆ. ಅದಕ್ಕೆ ಜರ್ಮನಿಯ 78266 ಮತ್ತು ಸ್ವಿಟ್ಜರ್‌ಲೆಂಡಿನ 8238 ಎರಡೂ ಪಿನ್ ಕೋಡ್ ಇವೆ. ಅಲ್ಲಿ ನಾಲ್ಕಂಕಿಯ ಕೋಡ್ ನಿಜವಾಗಿಯೂ ನಾಲ್ಕಂಕಿಯದೇ, ಮತ್ತು ಊರು ನಿಜವಾಗಿಯೂ ಒಂದೇ. ನಮ್ಮ ಹೊಸ ನಿಯಮ ಅದನ್ನು ಎರಡು ಊರು ಮಾಡಿ ಕೂರಿಸಿತ್ತು. ಅದನ್ನು ಕೈಯಿಂದಲೇ ಸರಿಪಡಿಸಿದೆವು.

ಈಗ ಪಾರ್ಸೆಲ್ ತಲುಪುವ ದಿನವನ್ನು ಲೆಕ್ಕ ಹಾಕಲು ರಜೆಗಳ ಪಟ್ಟಿಯೂ ನಮ್ಮ ತಂಡದ ಬಳಿಯೇ ಇದೆ. ಜರ್ಮನಿಯಲ್ಲಿ ಹಲವು ಸಾರ್ವಜನಿಕ ರಜೆಗಳು ರಾಜ್ಯ ರಾಜ್ಯಕ್ಕೆ ಬೇರೆ. ಅಕ್ಟೋಬರ್ 31 ಲೂಥರ್‌ನ ಧರ್ಮಸುಧಾರಣೆಯ ನೆನಪಿನ ದಿನ, ಥುರಿಂಗಿಯಾದಲ್ಲಿ ರಜೆ, ಬವೇರಿಯಾದಲ್ಲಿ ಕೆಲಸದ ದಿನ. ಮರುದಿನ ನವೆಂಬರ್ 1 ಸಕಲ ಸಂತರ ದಿನ, ಬವೇರಿಯಾದಲ್ಲಿ ರಜೆ, ಥುರಿಂಗಿಯಾದಲ್ಲಿ ಕೆಲಸದ ದಿನ. ಮ್ಯೋಡ್ಲರಾಯ್ಟ್‌ನಲ್ಲಿ ಒಂದು ದಿನ ತೊರೆಯ ಆ ದಡ ಬಿಡುವಾಗಿರುತ್ತದೆ, ಮರುದಿನ ಈ ದಡ. ಪ್ರತಿ ವರ್ಷ ಅಕ್ಟೋಬರ್ ಕೊನೆಯ ವಾರ ಆ ಎರಡು ಸಾಲುಗಳನ್ನು ನಾನೇ ತೆರೆದು ನೋಡುತ್ತೇನೆ.